ಎಡಕ್ಕೆ ತಿರುಗಿದರೆ ಒದರುವ ಭೋಂಗಾ

ನಮ್ಮ ಮನೆಗೆ ಮೋಟಾರು ಬಂದ ದಿನ ಊರಿನವರೆಲ್ಲ ಅದರ ದೀಪ ಮುಟ್ಟಿದರು, ಗಾಲಿ ಒತ್ತಿದರು, ಮೆತ್ತನೆಯ ಸೀಟಿನ ಮೇಲೆ ಕೂತು ಎದ್ದರು. ನಾನು ಬಾಗಿಲ ಹಿಂದೆ ನಿಂತು ತವರನ್ನು ನೆನೆಯುತ್ತಿದ್ದೆ. ನಮ್ಮದು ಅಕ್ಕಲಕೋಟದಾಚೆ ನಾಗಣಸೂರಿನ ಹತ್ತಿರದ ಹಳ್ಳಿ, ತವರು ಸೊಲ್ಲಾಪುರ. ಅಲ್ಲಿಯವರೆಗೆ ನಾನು ಅವ್ವನ ಮುಖ ನೋಡುತ್ತಿದ್ದುದು ನಾಗರ ಪಂಚಮಿಗೆ, ವರ್ಷಕ್ಕೊಮ್ಮೆ. ಸೊಸೆಯನ್ನು ಒಬ್ಬಳನ್ನೇ ರೈಲು ಹತ್ತಿಸುವ ಮನೆತನವಲ್ಲ ಅದು.

ಮಾವ ತೀರಿಕೊಂಡ ಮೇಲೆ ಹೊಲ, ಮನೆ, ಆಳುಕಾಳು ಎಲ್ಲ ಅತ್ತೆಯ ಕೈಯಲ್ಲಿತ್ತು. ನನ್ನ ಗಂಡ ಅವರ ಮಾತಿಗೆ 'ಹೂಂ' ಎನ್ನುವುದರಲ್ಲಿ ಪಳಗಿದವರು. ಅತ್ತೆಗೆ ಆಗ ಸೊಲ್ಲಾಪುರದ ಕಣ್ಣಿನ ಡಾಕ್ಟರ ಔಷಧ ನಡೆದಿತ್ತು. ತಿಂಗಳಿಗೊಮ್ಮೆ ಮೋಟಾರಿನಲ್ಲಿ ಹೋಗಲೇಬೇಕು, ಜೊತೆಗೆ ನಾನೂ ಇರಬೇಕು, ಮಧ್ಯಾಹ್ನ ಇಳಿಯುವುದು ನಮ್ಮ ತವರಿನಲ್ಲಿ. ಆ ಕಣ್ಣು ಅಷ್ಟು ಬೇಗ ವಾಸಿಯಾಗದಿರಲಪ್ಪಾ ಎಂದು ನಾನು ದೇವರಿಗೆ ಬೇಡಿಕೊಂಡದ್ದನ್ನು ಈಗ ಹೇಳಿದರೆ ಯಾರೂ ಬಯ್ಯಲಿಕ್ಕಿಲ್ಲ.

ಅತ್ತೆಯ ಜೊತೆಗೆ ಅವರ ನೀರೂ ಪ್ರಯಾಣ ಮಾಡುತ್ತಿತ್ತು. ನಮ್ಮ ತವರಿನಲ್ಲಿ ನಳದ ನೀರು. ನಳದೊಳಗೆ ತೊಗಲಿನ ಬಿಲ್ಲೆ ಇರುತ್ತದೆಂದು ಯಾರೋ ಪುಣ್ಯಾತ್ಮರು ಅವರ ಕಿವಿಯಲ್ಲಿ ಊದಿದ್ದರು. "ತೊಗಲ ದಾಟಿ ಬಂದ ನೀರ ನನ್ನ ಗಂಟಲಾಗ ಇಳಿಯಾಂಗಿಲ್ಲ" ಎಂದು ಅವರು ಮೊದಲ ಸಲವೇ ಅವ್ವನ ಕೈಯ ನೀರನ್ನು ಹಿಂದೆ ಕಳಿಸಿದರು. ಅಂದಿನಿಂದ ನಮ್ಮ ಬಾವಿಯ ನೀರು ತುಂಬಿದ ತಾಮ್ರದ ಕೊಡವೊಂದು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿಸಿಕೊಂಡು, ಹಿಂದಿನ ಸೀಟಿನ ಕೆಳಗೆ ಕೂತು ಬರುತ್ತಿತ್ತು. ಸೊಲ್ಲಾಪುರ ಮುಟ್ಟಿದೊಡನೆ ಮೊದಲು ಇಳಿಯುವುದು ಕೊಡ. ನಾನು ಅದನ್ನು ಯಾರಿಗೂ ಮುಟ್ಟಿಸದೆ ಒಳಗೊಯ್ದು ಮೂಲೆಯಲ್ಲಿಟ್ಟ ಮೇಲೆಯೇ ಅತ್ತೆ ಇಳಿಯುವರು. "ನಮ್ಮ ಹೆಣ್ಣ ಬೇಕಾತು, ನಮ್ಮ ನೀರ ಬ್ಯಾಡಾತು" ಎಂದು ಅವ್ವ ಅಡುಗೆಮನೆಯಲ್ಲಿ ಒಮ್ಮೆ ಅಂದಳು. ಆಮೇಲೆ ಅವಳು ಅತ್ತೆಗೆ ಅವಲಕ್ಕಿ ಕೊಟ್ಟಳು, ಎಲೆಯಡಿಕೆ ಕೊಟ್ಟಳು, ನೀರು ಮಾತ್ರ ಎಂದೂ ಕೊಡಲಿಲ್ಲ.

ಹೀಗೆ ಎರಡು ಸಲ ಹೋಗಿ ಬಂದೆವು. ಅಷ್ಟರಲ್ಲಿ ನನ್ನ ಗಂಡನಿಗೆ ಒಂದು ಹುಕಿ ಬಂತು. ಮೋಟಾರಿಗೆ ಮೊದಲು ಇದ್ದದ್ದು ರಬ್ಬರಿನ ಉಂಡೆ ಹಿಚುಕಿದರೆ 'ಪೋಂ' ಎನ್ನುವ ಹಾರ್ನು. ಅದು ಗೌಡರ ಮನೆತನಕ್ಕೆ ಒಪ್ಪುವುದಿಲ್ಲವೆಂದು ಅವರು ಸೊಲ್ಲಾಪುರದ ಬಜಾರಿನಲ್ಲಿ ಬಿಜಲಿ ಹಾರ್ನು ಹಾಕಿಸಿಕೊಂಡು ಬಂದರು. ಗುಂಡಿ ಒತ್ತಿದರೆ ಗಿರಣಿಯ ಭೋಂಗಾದ ತಮ್ಮನ ಹಾಗೆ ಒದರುತ್ತಿತ್ತು. ಕಷ್ಟವೆಂದರೆ, ಗುಂಡಿ ಒತ್ತದಿದ್ದರೂ ಒದರತೊಡಗಿತು.

ಮೊದಲ ಸಲ ಒದರಿದ್ದು ಅಕ್ಕಲಕೋಟದ ರಸ್ತೆಯ ಎಡ ತಿರುವಿನಲ್ಲಿ. ಎದುರಿಗೆ ಬರುತ್ತಿದ್ದ ಬಂಡಿಯ ಎತ್ತುಗಳು ಜೋಳದ ಹೊಲಕ್ಕೆ ನುಗ್ಗಿದವು, ಬಂಡಿಯವನು ನಮ್ಮ ವಂಶದ ಹಿಂದಿನವರನ್ನೆಲ್ಲ ನೆನೆದ. ರಸ್ತೆ ಬಲಕ್ಕೆ ತಿರುಗಿದೊಡನೆ ಹಾರ್ನು ತಾನಾಗಿ ಬಾಯಿ ಮುಚ್ಚಿತು. ನಮ್ಮ ಡ್ರೈವರು ಹುಲಜಂತಿಯ ಕಡೆಯ ಕುರಿಗಾರರ ಮನೆಯವನು. ಮೋಟಾರು ಕಲಿತರೂ ಬ್ರೇಕು ಒತ್ತುವಾಗ 'ಹೋ ಹೋ' ಎನ್ನುವುದನ್ನು ಬಿಟ್ಟಿರಲಿಲ್ಲ. ಅವನು ಎರಡೂ ಕೈ ಮೇಲೆತ್ತಿ ಹಿಂದಿರುಗಿ ನೋಡಿದ. "ಅವ್ವಾರ, ಬೀರಪ್ಪನಾಣಿ, ನಾ ಮುಟ್ಟಿಲ್ಲರಿ!"

"ಮುಟ್ಟಿಲ್ಲಂದ್ರ ನಡದೀತು, ಮೊದಲ ಚಕ್ರ ಹಿಡಿಯೋ ಮೂಳಾ!" ಎಂದರು ಅತ್ತೆ.

ನನ್ನಪ್ಪ ಸೊಲ್ಲಾಪುರದ ಒಂದು ಗಿರಣಿಯಲ್ಲಿ ವಾಯರ್‌ಮನ್. ಬಿಜಲಿಯ ರೋಗವೆಂದರೆ ಅವನಿಗೆ ಹಬ್ಬ. ನಾವು ಬಂದಿಳಿದದ್ದೇ ತಡ, ಅಂಗಿ ಕಳಚಿಟ್ಟು ಮೋಟಾರಿನೊಳಗೆ ತೂರಿದ. ಹಾರ್ನು ಬಿಚ್ಚಿದ, ಗುಂಡಿ ಬಿಚ್ಚಿದ, ವಾಯರನ್ನು ಮುಂದಿನಿಂದ ಹಿಂದಿನವರೆಗೆ ಬೆರಳಿನಿಂದ ಸವರುತ್ತ ಬಂದ. ಹಿಂದಿನ ಸೀಟು ಎತ್ತಿದರೆ ಕೆಳಗೆ ಒಂದು ಮೂಲೆಯಲ್ಲಿ ಬ್ಯಾಟರಿ, ಪಕ್ಕದಲ್ಲಿ ಒಂದು ಕಟ್ಟಿಗೆಯ ತುಂಡು, ಅದರ ಮೇಲೆ ಹಾರ್ನಿನ ವಾಯರುಗಳನ್ನು ಬಿಗಿದ ಎರಡು ಹಿತ್ತಾಳೆಯ ತಿರುಪು. "ಕೆಲಸ ಚೊಕ್ಕ ಐತಿ" ಎಂದು ಮೆಚ್ಚಿಕೊಂಡ. ಆಮೇಲೆ ನಮ್ಮನ್ನೆಲ್ಲ ಮನೆಯಲ್ಲಿ ಬಿಟ್ಟು, ಡ್ರೈವರನ ಜೊತೆ ಪೇಟೆಯ ಎಡ ತಿರುವುಗಳನ್ನೆಲ್ಲ ಸುತ್ತಿ ಬಂದ. ಹಾರ್ನು ತುಟಿ ಪಿಟ್ಟೆನ್ನಲಿಲ್ಲ. ನಾವು ಮರಳಿ ಹೊರಟು ಊರು ದಾಟುತ್ತಿದ್ದಂತೆ ಮತ್ತೆ ಶುರು.

ಮುಂದಿನ ತಿಂಗಳೂ ಇದೇ ಕತೆ. ಅಪ್ಪ ಹಾರ್ನನ್ನೇ ಮನೆಯೊಳಗೆ ತಂದು ಮೇಜಿನ ಮೇಲಿಟ್ಟು ಬಡಿದ, ಬಿಸಿ ಮಾಡಿದ, ನೀರು ಚಿಮುಕಿಸಿದ. ಅದು ಮಾತ್ರ ಸಾಧು. ಡ್ರೈವರನ ಔಷಧ ಬೇರೆ: ಹಾರ್ನಿಗೆ ಬೀರಪ್ಪನ ಅರಿಸಿನದ ಭಂಡಾರ ಹಚ್ಚಿ ನಿಂಬೆಹಣ್ಣು ಕಟ್ಟಿದ. ದಾರಿಯಲ್ಲಿ ಅದು ಒದರಿದಾಗಲೆಲ್ಲ ಅರಿಸಿನ ಹಾರಿ ಅವನ ಮೀಸೆ ಹಳದಿಯಾಗುತ್ತಿತ್ತು.

"ನಿಮ್ಮಪ್ಪ ಗಿರಣ್ಯಾಗೂ ಹಿಂಗ ದುರಸ್ತಿ ಮಾಡ್ತಾನೇನು?" ಎಂದರು ಅತ್ತೆ. ನನಗೆ ಮೈಯೆಲ್ಲ ಉರಿಯಿತು. ಉರಿದದ್ದನ್ನು ರೊಟ್ಟಿಯ ಮೇಲೆ ತೀರಿಸಿಕೊಂಡೆ. ಅಂದಿನ ರೊಟ್ಟಿ ಬಡಿತ ಊರ ಅಗಸಿ ಬಾಗಿಲವರೆಗೂ ಕೇಳಿಸಿರಬೇಕು.

ಅಪ್ಪ ಮಾತ್ರ ನಿಧಾನಿ; ಯಂತ್ರದ ದೋಷಕ್ಕೆ ಅವನು ಖೋಡಿ ಎನ್ನುವನು. "ಬರ್ತೈತಿ, ಹೋಗ್ತೈತಿ ಅನ್ನೂ ಖೋಡಿ ಭಾಳ ಲಬಾಡ, ಕೈಗೆ ಸಿಗಾಂಗಿಲ್ಲ ಯವ್ವಾ" ಎಂದಿದ್ದ. "ಅದು ಬಂದಾಗ ಏನೇನಿತ್ತು, ಹೋದಾಗ ಏನಿಲ್ಲ, ಅಷ್ಟ ನೋಡಬೇಕ."

ಹಾರ್ನು ಹಾಕಿಸಿದ ಮೇಲೆ ಮೂರನೆಯ ಸಲ, ಮರಳಿ ಬರುವಾಗ ನಡೆದದ್ದನ್ನು ನೆನೆದರೆ ಇಂದಿಗೂ ನಾಚಿಕೆ. ನಮ್ಮ ಊರಿನ ಹೊರಗಿನ ಎಡ ತಿರುವಿನಲ್ಲಿ ಎದುರಿಗೆ ಒಂದು ಹೆಣ ಬರುತ್ತಿತ್ತು. ಡ್ರೈವರು ಮರ್ಯಾದೆಯಿಂದ ಮೆಲ್ಲಗೆ ತಿರುಗಿಸಿದ. ಹಾರ್ನಿಗೆ ಮರ್ಯಾದೆ ಗೊತ್ತಿರಲಿಲ್ಲ. ಭೋಂ ಎಂದು ಹಿಡಿದದ್ದು ಬಿಡಲೇ ಇಲ್ಲ. ಹೊತ್ತವರು ನಾಲ್ವರೂ ಗಾಬರಿಯಾಗಿ ಹೆಣದ ಸಮೇತ ದಾರಿಯ ಪಕ್ಕಕ್ಕೆ ಸರಿದು ನಿಂತರು. ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಅಂಗಳದಲ್ಲಿ ಇಳಿದ ಮೇಲೆ ನನ್ನ ಗಂಡನಿಗೆ ಹೇಳಿದರು: "ಹೆಣಾನೂ ದಾರಿ ಬಿಡೂವಂಗಾತು. ಇನ್ನೊಂದ ಸಲ ಒದರ್ತಂದ್ರ ಈ ಗಾಡಿ ಮಾರಿಬಿಡು. ಕಣ್ಣ ಹೋದ್ರ ಹೋಗವಲ್ದ್ಯಾಕ."

ಗಂಡ 'ಹೂಂ' ಎಂದರು. ಅವರಿಗೆ ಹೋಗುತ್ತಿದ್ದುದು ಮೋಟಾರು. ನನಗೆ ಹೋಗುತ್ತಿದ್ದುದು ಅವ್ವ.

ಮರುದಿನ ಕೊಡ ತಿಕ್ಕುತ್ತ ಕೂತೆ. ಅದು ಅತ್ತೆಯ ಮಡಿಯ ಕೊಡ. ಮನೆಯಲ್ಲಿ ಅದನ್ನು ತಿಕ್ಕುವ ಹಕ್ಕು ನನ್ನೊಬ್ಬಳದು. ಕೊಡದ ಹೊಟ್ಟೆಯ ಮೇಲೆ ಎರಡು ಕಪ್ಪು ಚುಕ್ಕೆಗಳಿದ್ದವು, ಎಳ್ಳಿನಷ್ಟು ಗಾತ್ರದವು. ಹೋದ ತಿಂಗಳೂ ಇದ್ದವು, ಹುಣಸೆಹಣ್ಣು ಹಚ್ಚಿ ಬೆರಳು ಸವೆಯುವಂತೆ ತಿಕ್ಕಿ ತೆಗೆದಿದ್ದೆ. "ನಿಮ್ಮವ್ವ ಕೊಡಾ ತಿಕ್ಕೂದೂ ಕಲಿಸಿಲ್ಲಲ್ಲ" ಎಂದು ಬೈಸಿಕೊಂಡೂ ಇದ್ದೆ. ಈ ಸಲ ತೆಗೆಯುವ ಮೊದಲು ಬೆರಳಿಟ್ಟು ನೋಡಿದೆ. ಎರಡು ಚುಕ್ಕೆಗಳ ನಡುವೆ ಸರಿಯಾಗಿ ಎರಡು ಬೆರಳು. ಹುಣಸೆಯ ಕೈಯಲ್ಲೇ ಎದ್ದು ಹೋಗಿ ಸೀಟು ಎತ್ತಿ ಹಿತ್ತಾಳೆಯ ತಿರುಪುಗಳ ನಡುವೆ ಬೆರಳಿಟ್ಟೆ. ಅಲ್ಲೂ ಎರಡು ಬೆರಳು.

ಅಪ್ಪನಿಗೆ ಖೋಡಿ ಏಕೆ ಸಿಗಲಿಲ್ಲವೆಂದು ಆಗ ತಿಳಿಯಿತು. ಅವನು ಮೋಟಾರಿಗೆ ಕೈ ಹಚ್ಚುವ ಮೊದಲೇ ನಾನೇ ಅದನ್ನು ಮಡಿಯಿಂದ ಎತ್ತಿ ಒಳಗೊಯ್ದಿಡುತ್ತಿದ್ದೆ!

ಮಧ್ಯಾಹ್ನ ಅತ್ತೆ ಮಲಗಿದ್ದಾಗ ಡ್ರೈವರನನ್ನು ಕರೆದು, ಕೊಡವನ್ನು ಅದರ ಜಾಗದಲ್ಲಿಟ್ಟು ಬಲಕ್ಕೆ ವಾಲಿಸಿದೆ. ಎಡ ತಿರುವಿನಲ್ಲಿ ಅದು ಜಾರುವುದು ಆ ಕಡೆಗೇ. ಕೊಡದ ಹೊಟ್ಟೆ ಎರಡೂ ತಿರುಪಿಗೆ ತಾಗಿತು. ಭೋಂ! ಕೋಳಿಗಳು ಛಾವಣಿ ಹತ್ತಿದವು. ಎತ್ತಿದೆ, ನಿಂತಿತು. ಮತ್ತೆ ವಾಲಿಸಿದೆ. ಭೋಂ! ಗುಂಡಿ ಒತ್ತಿದರೆ ಎರಡು ವಾಯರು ಕೂಡುವ ಕೆಲಸವನ್ನೇ ತಾಮ್ರದ ಕೊಡ ಮಾಡುತ್ತಿತ್ತು. "ಎಲಾ ಇದರ!" ಎಂದು ಡ್ರೈವರು ಕೊಡಕ್ಕೇ ಕೈ ಮುಗಿದ. ಸಂತೋಷಕ್ಕೆ ನಾನು ಮೂರನೆಯ ಸಲವೂ ವಾಲಿಸಿದೆ. ತಿರುಗಿ ನೋಡಿದರೆ ಅತ್ತೆ ಹೊಸ್ತಿಲಲ್ಲಿ ನಿಂತಿದ್ದರು.

ಕೊಡ ಕೆಳಗಿಟ್ಟೆ. ಎಲ್ಲ ಹೇಳಿದೆ, ಚುಕ್ಕೆಗಳನ್ನು ತೋರಿಸಿದೆ. "ಆ ತಿರಪಿನ ಮ್ಯಾಲ ಒಂದ ಹಲಗಿ ಬಡದ್ರ ಮುಗೀತರಿ ಅತ್ತಿ, ಗಾಡಿದೇನೂ ತಪ್ಪಿಲ್ಲರಿ" ಎಂದೆ.

ಅವರು ಚುಕ್ಕೆಗಳ ಮೇಲೆ ತಮ್ಮ ಎರಡು ಬೆರಳಿಟ್ಟು ನೋಡಿದರು. "ಅಂದ್ರ, ಇಷ್ಟ ದಿನಾ ನಾ ಕುಡದದ್ದು ಬಿಜಲಿ ಮುಟ್ಟಿದ ನೀರ?"

ಉತ್ತರಕ್ಕೆ ಕಾಯದೆ ಅವರು ಒಳಗೆ ಹೋದರು. ಮೋಟಾರು ಉಳಿಯಿತೋ ಹೋಯಿತೋ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಡ್ರೈವರು ತಾನಾಗಿಯೇ ತಿರುಪುಗಳ ಮೇಲೆ ಒಂದು ಹಲಗೆ ಬಡಿದ.

ತಿಂಗಳು ತುಂಬಿದ ದಿನ ಅತ್ತೆ ಬೆಳಿಗ್ಗೆಯೇ ಬಂದು ಮೋಟಾರಿನಲ್ಲಿ ಕೂತರು. ನಾನು ಕೊಡ ಎತ್ತಿಕೊಂಡು ಬಂದರೆ "ಅದರ ಮಡಿ ಹೋಗೇತಿ, ಒಳಗಿಡು" ಎಂದಷ್ಟೇ ಹೇಳಿದರು. ದಾರಿಯುದ್ದಕ್ಕೂ ಎಡ ತಿರುವುಗಳು ಬಂದವು, ಹೋದವು. ಹಾರ್ನು ಉಸಿರೆತ್ತಲಿಲ್ಲ. ಆದರೆ ಬಿಸಿಲು ಸುಡುವ ಬಿಸಿಲು, ಅತ್ತೆಯ ತುಟಿ ಒಣಗಿತ್ತು. ನನಗೆ ಹೊಸ ಚಿಂತೆ ಹತ್ತಿತು: ಹೀಗೆ ಬಾಯಾರಿ ಮನೆಗೆ ಮರಳಿದರೆ ಇವರು ಇನ್ನೊಮ್ಮೆ ಸೊಲ್ಲಾಪುರದ ಹೆಸರೆತ್ತುವುದಿಲ್ಲ.

ತವರಿನಲ್ಲಿ ಅವ್ವ ಚಾಪೆ ಹಾಸಿದಳು, ಬೀಸಣಿಗೆ ಕೊಟ್ಟಳು, ಅವಲಕ್ಕಿ ತಂದಿಟ್ಟಳು. ಕೊಡ ಇನ್ನೂ ಏಕೆ ಒಳಗೆ ಬರಲಿಲ್ಲವೆಂದು ಬಾಗಿಲ ಕಡೆ ನೋಡುತ್ತ ನಿಂತಳು. ಅತ್ತೆ ಒಂದು ತುತ್ತು ಬಾಯಿಗೆ ಹಾಕಿಕೊಂಡರು. ಅದು ಗಂಟಲಲ್ಲೇ ನಿಂತಿತು.

"ಏನ್ರಿ ಬೀಗರ, ನಿಮ್ಮ ಮನ್ಯಾಗ ನೀರ ಕೇಳಿ ಇಸಗೊಂಡ ಕುಡೀಬೇಕೇನ್ರಿ?"

ಅವ್ವ ಓಡಿದಳು. ತಂದುಕೊಟ್ಟ ನೀರಿನಲ್ಲಿ ಅರ್ಧ ಅವಳ ಸೀರೆಯ ಮೇಲೇ ಚೆಲ್ಲಿತ್ತು. ಅತ್ತೆ ಉಳಿದದ್ದನ್ನು ಗಟಗಟ ಕುಡಿದು ಮುಖ ಸಿಂಡರಿಸಿದರು.

"ಎಷ್ಟ ಬೆಚ್ಚಗ ಅದಾವರಿ. ನಾವು ಬರೂ ಮುಂದಿನ ಸಲಕ್ಕ ಗಡಿಗ್ಯಾಗ ತುಂಬಿಡ್ರಿ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮಾತ್ರ 'ಮುಂದಿನ ಸಲ' ಎನ್ನುವುದೊಂದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಮನಸಾರೆ ನಕ್ಕೆ.