ಹಲಸಿನ ಐಸ್‌ಕ್ರೀಮಿನ ಭಾಗತ್ತೆ

ಭಾಗತ್ತೆ ಹಲಸಿನ ಹಣ್ಣು ಕೊಯ್ಯುತ್ತಿದ್ದುದು ಅಂಗಡಿಯ ಒಳಗಲ್ಲ, ಹೊರಗಿನ ಮೆಟ್ಟಿಲ ಮೇಲೆ. ಮೊಣಕೈವರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತಳೆಂದರೆ ಹಣ್ಣಿನ ಪರಿಮಳ ಶಿರಸಿಯ ಬಸ್ ನಿಲ್ದಾಣದವರೆಗೂ ಹೋಗುತ್ತಿತ್ತು. “ಮೊದ್ಲು ಮೂಗಿಗೆ ಹೇಳವು ಕೂಸೇ, ಬಾಯಿ ತಂತಾನೇ ಬತ್ತು,” ಎನ್ನುತ್ತಿದ್ದಳು. ನಮಗೆ ಅವಳು ನೆಂಟಳಲ್ಲ. ಆ ಬೀದಿಗೆಲ್ಲ ಅತ್ತೆ. ಹಣ್ಣು, ಹಾಲು, ಚೂರು ಸಕ್ಕರೆ, ಇಷ್ಟೇ ಅವಳ ಐಸ್‌ಕ್ರೀಮು.

ಎದುರುಗಡೆ ಬಣ್ಣಬಣ್ಣದ ಕೋನುಗಳ ಅಂಗಡಿ ತೆರೆದ ಬೇಸಿಗೆಯಲ್ಲಿ ಅವಳ ಗಿರಾಕಿಗಳಲ್ಲಿ ಅರ್ಧದಷ್ಟು ಜನ ರಸ್ತೆ ದಾಟಿದರು. ಮಳೆ ಹಿಡಿಯುವುದರೊಳಗೆ ವ್ಯಾಪಾರ ಕುದುರದಿದ್ದರೆ ಅಂಗಡಿ ಬಿಟ್ಟೇಬಿಡುವುದೆಂದು ಅವಳು ತೀರ್ಮಾನಿಸಿದ್ದಳು. ಆಹಾರ ವಿಜ್ಞಾನದ ಎಂ.ಎಸ್ಸಿ. ಮುಗಿಸಿ ಆಗಷ್ಟೇ ಊರಿಗೆ ಬಂದಿದ್ದ ನಾನು ಸುಮ್ಮನಿರದೆ ಅವಳ ಅಂಗಡಿಯ ಮುಂದಿನ ಹಲಗೆಯ ಮೇಲೆ ಬರೆದೆ: ‘ಪೌಷ್ಟಿಕ ಹಲಸಿನ ಐಸ್‌ಕ್ರೀಂ. ನಾರು, ಪೊಟ್ಯಾಸಿಯಂ, ಹಾಲಿನ ಕ್ಯಾಲ್ಸಿಯಂ.’ ಸಕ್ಕರೆಯ ವಿಷಯ ಮುಚ್ಚಿಡಬಾರದೆಂದು ಕೆಳಗೆ ‘ಮಿತವಾಗಿ ತಿನ್ನಿ’ ಎಂದೂ ಸೇರಿಸಿದೆ.

ಮರುದಿನ ಶಾಲೆಯ ಹುಡುಗಿಯೊಬ್ಬಳು ಅದನ್ನು ಓದಿ ತಾಯಿಯ ಕೈ ಎಳೆದಳು: “ಬ್ಯಾಡಮ್ಮ, ಇದು ಅಂಗನವಾಡೀದು!” ಬನವಾಸಿ ಕಡೆಯ ಹಿರಿಯರೊಬ್ಬರು ಗಂಭೀರವಾಗಿ ಕೇಳಿದರು: “ಅಕ್ಕಾರ, ಇದನ್ನ ಊಟಕ್ಕಿಂತ ಮೊದ್ಲು ತಗೋಬೇಕ್ರಿ, ಆಮ್ಯಾಲ್ರಿ?”

ಭಾಗತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಎನ್ನ ಅಂಗಡಿನ ಔಷಧಿ ಅಂಗಡಿ ಮಾಡಿಬಿಟ್ಯಲೇ! ಕಡಿಮೆ ತಿನ್ನಿ ಹೇಳಿ ಯಾರಾದ್ರೂ ಬೋರ್ಡು ಹಾಕ್ತ್ವಾ?”

“ಬರೆದಿದ್ರಲ್ಲಿ ಸುಳ್ಳು ಎಂತೂ ಇಲ್ಲೆ ಅತ್ತೆ.”

“ಸುಳ್ಳಲ್ಲ ಕೂಸೇ. ಅದೆಲ್ಲ ತಿಂದ್ಮೇಲೆ ಹೊಟ್ಟೆಗೆ ಗೊತ್ತಾಗ್ತು. ನಾಲ್ಗೆನ ಎಂತಕ್ಕೆ ಹೆದ್ರಿಸ್ತೆ?”

ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ ತಾನೇ ಬರೆದಳು: ‘ಹಲಸು ಇನ್ನು ಎಂಟೇ ದಿನ.’ ಅದೂ ನಿಜವೇ. ಮಳೆ ಬಿದ್ದರೆ ಹಣ್ಣಿನ ರುಚಿ ನೀರಾಗುತ್ತದೆ. ಐದನೆಯ ದಿನಕ್ಕೆ ಫ್ರೀಜರ್ ಖಾಲಿ. ಅಂಗಡಿ ಉಳಿಯಿತು.

ಉಳಿದದ್ದಷ್ಟೇ ಅಲ್ಲ, ಬೆಳೆಯಿತು. ಕಳೆದ ವರ್ಷ ಯಲ್ಲಾಪುರದಲ್ಲಿ ದೊಡ್ಡ ಜಾಗ ಸಿಕ್ಕಿ, ಭಾಗತ್ತೆ ಇಲ್ಲಿಯದನ್ನು ಬಿಟ್ಟು ಹೊರಟಳು. ಬೀಳ್ಕೊಡಲು ಬಸ್ ನಿಲ್ದಾಣಕ್ಕೆ ಹೋದೆ. ಹಲಸಿನ ಕಾಲ ಮುಗಿದಿತ್ತು. ಬಸ್ಸು ಹೊರಡುವಾಗ ಕಿಟಕಿಯಿಂದ ಅನಾನಸಿನ ಐಸ್‌ಕ್ರೀಮಿನ ಒಂದು ಕಪ್ ಕೈಗಿತ್ತಳು. ಚಮಚ ಕೊಡಲು ಮರೆತಿದ್ದಳು.

“ನೋಡ್ತಾ ನಿಂತ್ರೆ ಕರಗ್ತು, ತಿನ್ನೇ!”

ನಾಲ್ಕು ಜನರೆದುರು ನಿಂತು ತಿನ್ನುವ ಅಭ್ಯಾಸ ನನಗಿಲ್ಲ. ಆದರೂ ಕಾಗದದ ಮುಚ್ಚಳವನ್ನೇ ಚಮಚದಂತೆ ಮಡಚಿಕೊಂಡು ತಿನ್ನತೊಡಗಿದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ತಡೆಯಲಾರದೆ ಕೇಳಿದರು: “ಎಲ್ಲಿ ತಗಂಡ್ರಿ ಅದು?”

ಬಾಯಿ ತುಂಬಿತ್ತು. ಬಸ್ಸು ಹೋದ ದಿಕ್ಕಿಗೆ ಕೈ ತೋರಿಸಿದೆ.