ತಲೆಯೊಳಗಿನ ತೂಬು

ಚಪ್ಪಲಿ ಯಾವ ಕಡೆ ಸವೆಯುತ್ತದೆ ಎಂದು ನೀವು ಎಂದಾದರೂ ತಿರುಗಿಸಿ ನೋಡಿದ್ದೀರಾ? ನಾನೂ ನೋಡಿದವನಲ್ಲ. ನೋಡಿದವನು ಮಂಡ್ಯದ ನಮ್ಮ ಬೀದಿಯ ಕೊನೆಯಲ್ಲಿ, ಹೊಂಗೆ ಮರದ ಕೆಳಗೆ ಕೂತು ಚಪ್ಪಲಿ ಹೊಲಿಯುವ ಸಿದ್ದಯ್ಯ. ಕಿತ್ತುಹೋದ ಪಟ್ಟಿಗೆ ದಾರ ಹಾಕುತ್ತ ಅವನು ಅಟ್ಟೆಯನ್ನು ಮೇಲೆ ಮಾಡಿ ಸ್ವಲ್ಪ ಹೊತ್ತು ದಿಟ್ಟಿಸಿದ.

"ಎಲ್ರುದೂವೆ ಹಿಂದ್ಲ ಇಮ್ಮಡಿ ತಾವ ಸವೀತದೆ ಸ್ವಾಮಿ. ನಿಮ್ದು ಮುಂದ್ಲ ತುದಿ ಸವ್ದದೆ. ಕಾಲೆತ್ತಿ ಇಕ್ಕಾಕಿಲ್ವಾ ನೀವು?"

ಚಪ್ಪಲಿಯೇ ಕಳಪೆ ಎಂದು ಹೇಳಿ ಎದ್ದುಬಂದೆ. ಮೋಜಣಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಸರಪಳಿ ಹಿಡಿದು ಮದ್ದೂರು, ಮಳವಳ್ಳಿಗಳ ಬದುಗಳನ್ನೆಲ್ಲ ತುಳಿದು ನಿವೃತ್ತನಾದವನಿಗೆ ನಡೆಯುವುದು ಹೇಗೆಂದು ಇವನು ಹೇಳಿಕೊಡುವುದೇ ಎಂಬ ಅಸಮಾಧಾನ. ಆದರೆ ಅಳೆಯುವ ಚಟ ಬಿಡಬೇಕಲ್ಲ. ನಮ್ಮ ಗೇಟಿನಿಂದ ಆ ಮರಕ್ಕೆ ಮೊದಲೆಲ್ಲ ನೂರ ನಲವತ್ತು ಹೆಜ್ಜೆ ಇತ್ತು. ಈಗ ಎಣಿಸಿದರೆ ಇನ್ನೂರ ಮೂವತ್ತು. ಮರವೇನೂ ಹಿಂದಕ್ಕೆ ಸರಿದಿರಲಿಲ್ಲ. ಜಮೀನು ಅಳೆದವನಿಗೆ ಅಷ್ಟು ಗೊತ್ತು.

ಪಾದಗಳು ನೆಲಕ್ಕೆ ಅಂಟಿಕೊಳ್ಳುತ್ತಿದ್ದವು. ಹೊಸ್ತಿಲ ಮುಂದೆ ಬಂದರೆ, ದಾಟಲು ಯಾರಾದರೂ ಆಜ್ಞೆ ಕೊಡಲಿ ಎಂಬಂತೆ ನಿಂತುಬಿಡುತ್ತಿದ್ದೆ. ಬಚ್ಚಲಿಗೆ ಓಡಬೇಕಾದ ಅವಸರ ಬಂತು, ಓಡುವ ಕಾಲು ಹೋಯಿತು. ಹೇಳಿದ್ದನ್ನೇ ಹೇಳುತ್ತೇನೆ ಎಂದು ಹೆಂಡತಿ ಸುಮಿತ್ರ ಮೊದಮೊದಲು ರೇಗುತ್ತಿದ್ದಳು. ಆಮೇಲೆ ರೇಗುವುದನ್ನು ನಿಲ್ಲಿಸಿದಳು. ವಯಸ್ಸು ಎಂದರು ಎಲ್ಲರೂ. ನಾನೂ ಒಪ್ಪಿಕೊಂಡೆ, ಏಕೆಂದರೆ ಒಪ್ಪಿಕೊಂಡೆನೋ ಇಲ್ಲವೋ ಎಂಬುದು ಮರುದಿನ ನೆನಪಿರುತ್ತಿರಲಿಲ್ಲ.

ಇಲ್ಲಿ ನಮ್ಮ ಸೀಮೆಯ ಮಾತಿನ ವಿಚಾರ ಸ್ವಲ್ಪ ಹೇಳಬೇಕು. ಹೊರಗಿನವರು ನಮ್ಮ ಕುಶಲೋಪರಿ ಕೇಳಿದರೆ ಜಗಳ ಬಿಡಿಸಲು ಓಡಿಬರುತ್ತಾರೆ. ಕೊತ್ತತ್ತಿಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಅಣ್ಣ ಹುಟ್ಟಿದಂದಿನಿಂದ ನನ್ನನ್ನು ಕರೆದದ್ದು ಲೇ ಎಂದೇ. ನನಗೊಂದು ಹೆಸರಿದೆ ಎಂಬುದು ಅವನಿಗೆ ಗೊತ್ತಿದೆಯೋ ಇಲ್ಲವೋ ಎಂದು ನನಗೇ ಅನುಮಾನವಿತ್ತು. ಒಮ್ಮೆ ಕಚೇರಿಗೆ ಬಂದು, ಮೇಲಧಿಕಾರಿಯ ಎದುರಿಗೇ, ಲೇ ಉಂಡೇನ್ಲಾ ಎಂದು ಕೇಳಿ ನನ್ನ ಪದವಿಯ ಗೌರವವನ್ನು ನೆಲಸಮ ಮಾಡಿದ್ದ.

ಆ ಅಣ್ಣ ಒಂದು ದಿನ ಅವರೆಕಾಯಿ ಹೊತ್ತು ತಂದ. ನಾನು ಕಾಫಿ ಲೋಟವನ್ನು ಬಾಯಿಗೆ ತಲುಪಿಸುವ ಮೊದಲೇ ಅಂಗಿಗೆ ಕುಡಿಸಿದೆ. ಅವನು ಬಯ್ಯುತ್ತಾನೆಂದು ಕಾದೆ. ಅವನು ನನ್ನ ಕಡೆ ನೋಡದೆ ಸುಮಿತ್ರಳಿಗೆ ಮೆಲ್ಲಗೆ ಹೇಳಿದ: "ಅವ್ರಿಗೆ ಇನ್ನೊಂದ್ಲೋಟ ಕೊಡವ್ವ."

ಅವರಿಗೆ. ಯಾರು ಬಂದರೆಂದು ನಾನು ಹಿಂತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಲೇ ಎಂದು ಕರೆಸಿಕೊಳ್ಳುತ್ತಿದ್ದವನು ಆ ಮನೆಯಲ್ಲಿ ಇಲ್ಲವಾಗಿದ್ದ. ಅವನ ಜಾಗದಲ್ಲಿ ಮರ್ಯಾದೆಗೆ ಪಾತ್ರನಾದ ಯಾರೋ ಒದ್ದೆ ಅಂಗಿಯಲ್ಲಿ ಕೂತಿದ್ದರು.

ಮೈಸೂರಿನಲ್ಲಿ ಸ್ಕ್ಯಾನಿಂಗ್ ಆಯಿತು. ತಲೆಯೊಳಗೆ ಎಲ್ಲರಿಗೂ ಇರುವ ನೀರು, ನನ್ನಲ್ಲಿ ಬಂದಷ್ಟು ಹೊರಗೆ ಹೋಗದೆ ನಿಂತು ಮೆದುಳನ್ನು ಒತ್ತುತ್ತಿದೆ ಎಂದರು ಡಾಕ್ಟರು. ಪ್ರಾಥಮಿಕ ಶಾಲೆಯ ಮೇಷ್ಟ್ರು ನನ್ನ ತಲೆಯಲ್ಲಿ ಮಣ್ಣಿದೆ ಎಂದಿದ್ದರು. ಈಗ ನೀರೂ ಇದೆ ಎಂದು ತಿಳಿಯಿತು. ಎರಡೂ ಸೇರಿದರೆ ನಾಟಿಗೆ ಹದವಾದ ಕೆಸರುಗದ್ದೆ. ಬೆನ್ನುಮೂಳೆಯಿಂದ ಕೊಂಚ ನೀರು ತೆಗೆದು ನಡೆಸಿ ನೋಡಿದಾಗ ಒಂದು ದಿನದ ಮಟ್ಟಿಗೆ ನನ್ನ ಹೆಜ್ಜೆ ನನಗೇ ಹಿಂದಿರುಗಿತ್ತು. ಹಾಗಾಗಿ ಶಸ್ತ್ರಚಿಕಿತ್ಸೆ ಎಂದು ತೀರ್ಮಾನವಾಯಿತು: ತಲೆಯಿಂದ ಚರ್ಮದಡಿಯಲ್ಲೇ ಕಿವಿಯ ಹಿಂದೆ, ಕತ್ತು, ಎದೆ ಹಾಯ್ದು ಹೊಟ್ಟೆಯವರೆಗೆ ಒಂದು ಸಣ್ಣ ಕೊಳವೆ, ನಡುವೆ ನೀರನ್ನು ಹಿಡಿದು ಬಿಡುವ, ಅಂಗಿಯ ಗುಂಡಿಯಂಥ ಒಂದು ಕವಾಟ. ಡಾಕ್ಟರು ಚಿತ್ರ ಬರೆದು ತೋರಿಸಿದರು. ನಕಾಶೆ ಓದುವುದೇ ಕಸುಬಾಗಿದ್ದ ನನಗೆ ಅದು ಅರ್ಥವಾಗಲಿಲ್ಲ. ಜತೆಗೆ ಬಂದಿದ್ದ ಅಣ್ಣನಿಗೆ ಆಯಿತು.

"ತೂಬು ಇಡ್ತೀರಿ ಅನ್ನಿ," ಎಂದ. ನಾಲೆಯ ನೀರನ್ನು ಗದ್ದೆಗೆ ಬಿಡುವ ತೂಬಿನ ಜತೆ ಜೀವನ ಕಳೆದವನು. "ಎಚ್ಚಾಗಿ ಬುಟ್ರೆ?"

ಡಾಕ್ಟರು ನಕ್ಕು, ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ, ಚರ್ಮದ ಮೇಲಿನಿಂದಲೇ ಹೊಂದಿಸಬಹುದು ಎಂದರು. ಮೊದಲಿನ ಹಾಗೆ ಆಗ್ತಾನಾ ಎಂದು ಅವನು ಕೇಳಲಿಲ್ಲ. ಆಗ್ತಾರಾ ಎಂದು ಕೇಳಿದ. ಎಷ್ಟು ಹಿಂದಿರುಗುತ್ತದೆ ಎಂದು ಮಾತು ಕೊಡಲಾಗದು ಎಂದರು ಡಾಕ್ಟರು.

ಶಸ್ತ್ರಚಿಕಿತ್ಸೆಯ ನಂತರದ ದಿನಗಳ ಬಗ್ಗೆ ಗೊತ್ತಿರುವಷ್ಟನ್ನೇ ಹೇಳುತ್ತೇನೆ. ತಲೆಯ ಒಂದು ಪಾರ್ಶ್ವ ಬೋಳಾಗಿತ್ತು. ಯಾರೋ ಹೊರಗಿನಿಂದ "ನೀರು ಬುಟ್ಟವ್ರೆ, ಬ್ಯಾಗ್ನೆ ಇಡ್ಕಳಿ" ಎಂದು ಕೂಗಿದರು. ಜನ ಬಕೆಟ್ಟು ಹಿಡಿದು ನಲ್ಲಿಗೆ ಹೋಗಲಿ ಎಂದು ಅವರು ಕೂಗಿದ್ದು. ನಾನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡೆ. ಮಂಚವನ್ನು ಗೇಣಿನಿಂದ ಅಳೆದು ಒತ್ತುವರಿಯಾಗಿದೆ ಎಂದು ನರ್ಸಿಗೆ ದೂರು ಕೊಟ್ಟೆನಂತೆ. ಅಣ್ಣನನ್ನು ಅಪ್ಪ ಎಂದು ಕರೆದೆನಂತೆ. ಇವು ನೆನಪಿಲ್ಲ. ನನಗೆ ಸ್ಪಷ್ಟವಾಗಿ ನೆನಪಿರುವುದು, ಕೊಕ್ಕರೆ ಬೆಳ್ಳೂರಿನ ಕೊಕ್ಕರೆಯೊಂದು ಗ್ಲೂಕೋಸ್ ಕಂಬದ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದದ್ದು. ನಡೆದದ್ದೆಲ್ಲ ಮರೆತು, ನಡೆಯದ್ದು ಮಾತ್ರ ಉಳಿದರೆ ಮನುಷ್ಯ ಯಾವುದಕ್ಕೆ ಸಾಕ್ಷಿ ಹೇಳಬೇಕು? ಅಲ್ಲಿ ಕೊಕ್ಕರೆ ಇರಲಿಲ್ಲ ಎಂಬುದನ್ನು ತರ್ಕದಿಂದ ಬಲ್ಲೆ, ನೆನಪಿನಿಂದ ಅಲ್ಲ.

ಮನೆಗೆ ಬಂದಾಗ ಹೊಲಿಗೆ ಮಾಯುವವರೆಗೆ ತಲೆಗೆ ನೀರು ಹಾಕಿಕೊಳ್ಳಬೇಡಿ ಎಂದು ಚೀಟಿಯಲ್ಲಿ ಬರೆದಿದ್ದರು. ಒಳಗಿನದಕ್ಕೆ ಅಷ್ಟು ಪಾಡುಪಟ್ಟವರು ಹೊರಗಿನದನ್ನು ಬೇಡವೆಂದದ್ದು ನ್ಯಾಯವೇ. ಎದ್ದು ನಿಂತರೆ ತಲೆ ಸಿಡಿಯುತ್ತಿತ್ತು, ಮಲಗಿದರೆ ಸುಮ್ಮನಾಗುತ್ತಿತ್ತು. ಮತ್ತೆ ಮೈಸೂರಿಗೆ ಹೋದೆವು. ಕಿವಿಯ ಹಿಂದೆ ಅಯಸ್ಕಾಂತದಂಥ ಒಂದು ಯಂತ್ರ ಹಿಡಿದು ನೀರು ಹೆಚ್ಚಾಗಿ ಹರಿಯುತ್ತಿದೆಯೆಂದು ತೂಬನ್ನು ಕೊಂಚ ಬಿಗಿ ಮಾಡಿದರು. ಅಣ್ಣ ಫೋನಿನಲ್ಲಿ ಸುಮಿತ್ರಳನ್ನು ಕೇಳುತ್ತಿದ್ದ: ಅವ್ರು ಉಂಡ್ರಾ, ಅವ್ರು ನಡುದ್ರಾ. ಹೆಜ್ಜೆ ಇನ್ನೂರಕ್ಕೆ ಇಳಿಯಿತು, ನೂರ ಎಂಬತ್ತಕ್ಕೆ ಇಳಿಯಿತು, ಒಂದು ದಿನ ಯಾಕೋ ಮತ್ತೆ ಇನ್ನೂರಾಯಿತು. ಅಣ್ಣನ ಸರ್ವನಾಮ ಮಾತ್ರ ಕದಲಲಿಲ್ಲ.

ನಾಲೆಗೆ ನೀರು ಬಿಟ್ಟು ನಾಟಿ ಮುಗಿದ ಮೇಲೆ ಕೊತ್ತತ್ತಿಗೆ ಹೋದೆ. ಅಣ್ಣ ಜಗಲಿಯ ಮೇಲೆ ಚಾಪೆ ಹಾಸಿ, ಇಲ್ಲಿ ಕೂತ್ಕಳಿ ಎಂದ. ನಾನು ಕೂರಲಿಲ್ಲ. ಗದ್ದೆಯ ಬದುವಿನ ಮೇಲೆ ತೂಬಿನವರೆಗೆ ನಡೆಯುತ್ತೇನೆ ಎಂದೆ. ಅವನು ಎರಡು ಮಾರು ಹಿಂದೆ ಬಂದ. ಬದುವಿನ ಮೇಲೆ ಬರಿಗಾಲಲ್ಲಿ ನಡೆಯಬೇಕು. ನಾನು ಚಪ್ಪಲಿ ಬಿಡಲಿಲ್ಲ. ಮರೆತೆನೋ, ಬಗ್ಗಲು ಹೆದರಿದೆನೋ, ಈಗಲೂ ಬಗೆಹರಿದಿಲ್ಲ. ಅರ್ಧ ದಾರಿಯಲ್ಲಿ ನಿಂತೆ. ಕಾಲು ಮತ್ತೆ ಅಂಟಿತೋ, ಅಥವಾ ನೀರು ನೋಡಲು ನಾನೇ ನಿಂತೆನೋ ಎಂದು ಯೋಚಿಸುತ್ತಿರುವಾಗಲೇ ಬಲಗಾಲು ಜಾರಿ ಮೊಣಕಾಲುದ್ದ ಕೆಸರಿಗೆ ಇಳಿಯಿತು. ಕೆಳಗೆ ಒಂದು ಸಾಲು ಎಳೆಪೈರು ಮಲಗಿತು.

"ಲೇ, ನೆಟ್ಟಿರಾ ಪೈರ್ ಮ್ಯಾಲೇ ಇಕ್ತೀಯಲ್ಲಾ ಕಾಲಾ, ಕಣ್ ಕಾಣಾಕಿಲ್ವೇನ್ಲಾ?"

ಹೇಳಿ, ಅವನೇ ಬಾಯಿ ಮುಚ್ಚಿಕೊಂಡ. ನಾನು ಕೆಸರಿನಲ್ಲಿ ನಿಂತೇ ಇದ್ದೆ.

"ಕಾಣ್ತದೆ ಕಣಣ್ಣ," ಎಂದೆ.

ಕಾಲನ್ನು ಎತ್ತಿದೆ. ಬಂತು. ಚಪ್ಪಲಿ ಒಳಗೇ ಉಳಿಯಿತು. ಅಣ್ಣ ಬಗ್ಗಿ ಕೈ ಹಾಕಿ ಅದನ್ನು ಹುಡುಕಿ ತೆಗೆದು, ಚಪ್ಪಲಿ ಮೆಟ್ಕಂಡು ಬದಕ್ಕೆ ಬರೋ ಸಾಹೇಬ ಎಂದು ಗೊಣಗುತ್ತ, ಕಾಲುವೆಯ ನೀರಿನಲ್ಲಿ ತೊಳೆದು ಮಗುಚಿ ಬದುವಿನ ಮೇಲಿಟ್ಟ. ಅಟ್ಟೆ ಮೇಲಾಗಿತ್ತು. ಇನ್ನೊಂದನ್ನೂ ಬಿಚ್ಚಿ ಪಕ್ಕದಲ್ಲಿ ಮಗುಚಿಟ್ಟು ನೋಡಿದೆ. ಬಲಗಾಲಿನದು ಹಿಮ್ಮಡಿಯ ಕಡೆ ಸವೆಯತೊಡಗಿದೆ. ಎಡಗಾಲಿನದು ಎಲ್ಲಿ ಸವೆಯಬೇಕೆಂದು ಇನ್ನೂ ತೀರ್ಮಾನಿಸಿದಂತಿಲ್ಲ.