ಮನೆಯಲ್ಲೋ, ಸಲೂನಿನಲ್ಲೋ

ತೀರ್ಪಿನ ಚೀಟಿಯಲ್ಲಿ ಮೂರು ಸಾಲುಗಳಿದ್ದವು. ವಾದ ಸ್ಪಷ್ಟವಾಗಿದೆ. ಎದುರಾಳಿಯ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು ಚೆನ್ನಾಗಿವೆ. ಕೂದಲು ಗಮನ ಕೆಡಿಸುತ್ತದೆ, ಅಚ್ಚುಕಟ್ಟು ಮಾಡಿಕೊಂಡರೆ ಒಳ್ಳೆಯದು.

ಡಾಲಸ್ಸಿನ ಒಂದು ಹೈಸ್ಕೂಲಿನಲ್ಲಿ ನಡೆದ ಚರ್ಚಾಸ್ಪರ್ಧೆಯ ಆ ಸುತ್ತನ್ನು ನಾನು ಗೆದ್ದಿದ್ದೆ. ಆಸ್ಟಿನ್ನಿನಲ್ಲಿ ನಡೆಯುವ ರಾಜ್ಯಮಟ್ಟದ ಸ್ಪರ್ಧೆಗೆ ಆಯ್ಕೆಯೂ ಆಗಿದ್ದೆ. ಆದರೂ ಶಾಲೆಯ ಬಸ್ಸಿನಲ್ಲಿ ಕೂತು ನಾನು ಓದಿದ್ದು ಮೂರನೆಯ ಸಾಲನ್ನೇ, ಮತ್ತೆ ಮತ್ತೆ. ಗಮನ ಕೆಟ್ಟದ್ದು ಯಾರದು? ತೀರ್ಪುಗಾರರದು. ಅಚ್ಚುಕಟ್ಟಾಗಬೇಕಾದವಳು ಯಾರು? ನಾನು. ಇಂಥ ತರ್ಕವನ್ನು ಎದುರಾಳಿ ತಂಡದ ಹುಡುಗ ಮುಂದಿಟ್ಟಿದ್ದರೆ ಅರ್ಧ ನಿಮಿಷದಲ್ಲಿ ಹರಿದು ಹಾಕುತ್ತಿದ್ದೆ. ತೀರ್ಪುಗಾರರು ಬರೆದಿದ್ದರಿಂದ ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡೆ.

ನನಗಾಗ ಹದಿನೇಳು. ಹುಬ್ಬಳ್ಳಿಯ ಕನ್ನಡ ಶಾಲೆಯಲ್ಲಿ ಆರನೆಯ ತರಗತಿ ಮುಗಿಸಿ ಅವ್ವ, ಅಪ್ಪನ ಜೊತೆ ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿಗೆ ಬಂದವಳು. ಊರು ಬದಲಾದರೂ ಕೂದಲು ಬದಲಾಗಲಿಲ್ಲ. ಸಣ್ಣ ಸಣ್ಣ ಸುರುಳಿ, ಕೈ ಹಾಕಿದರೆ ಬೆರಳು ಸಿಕ್ಕಿಕೊಳ್ಳುವಷ್ಟು ದಟ್ಟ. ಬೆಳಿಗ್ಗೆ ಬಿಗಿಯಾಗಿ ಹೆಣೆದರೂ ಮೂರನೆಯ ಪೀರಿಯಡ್ಡಿನ ಹೊತ್ತಿಗೆ ಹಣೆಯ ಸುತ್ತ ಎದ್ದು ನಿಲ್ಲುತ್ತಿತ್ತು. ಅಪ್ಪನ ಕಡೆಯವರದ್ದೂ ನೆಟ್ಟಗಿನ ಕೂದಲು, ಅವ್ವನ ಕಡೆಯವರದ್ದೂ ನೆಟ್ಟಗಿನ ಕೂದಲು. ಹೀಗಾಗಿ ನನ್ನ ತಲೆಯ ಹೊಣೆ ಹೊರಲು ಎರಡೂ ಮನೆತನದವರು ತಯಾರಿರಲಿಲ್ಲ.

ಚೀಟಿ ಅವ್ವನ ಕೈಗೆ ಸಿಕ್ಕಿತು. ಅಡುಗೆಮನೆಯ ಕಟ್ಟೆಗೆ ಒರಗಿ, ಕನ್ನಡಕ ಏರಿಸಿಕೊಂಡು ಓದಿದಳು.

"ಎಷ್ಟ್ ವರ್ಷದಿಂದ ಹೇಳಾಕತ್ತೀನಿ ನಾ. ಈಗ ಅಮೆರಿಕಾದವ್ರೂ ಹೇಳಿದ್ರು ನೋಡು."

"ಅಮೆರಿಕಾದವ್ರೆಲ್ಲಾ ಅಲ್ಲ, ಅವ್ವಾ. ಒಬ್ರು."

"ಒಬ್ರು ಬರದ್ರು. ಉಳದವ್ರು ಮನಸ್ಸಿನ್ಯಾಗ ಇಟ್ಕೊಂಡ್ರು."

ಇದಕ್ಕೆ ಪುರಾವೆ ಏನು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಯಾಕೆಂದರೆ, ಈಗ ಬಚ್ಚಿಡುವುದೇನು, ನನಗೂ ಅದು ಬೇಕಾಗಿತ್ತು. ಆಸ್ಟಿನ್ನಿಗೆ ಇನ್ನು ಐದು ವಾರ. ನನ್ನನ್ನು ಸೋಲಿಸಲು ಯಾರ ಕೈಯಲ್ಲೂ ಕಡ್ಡಿಯಷ್ಟು ನೆಪ ಉಳಿಯಬಾರದು ಅನ್ನಿಸಿತ್ತು. "ಆತು, ನೆಟ್ಟಗ ಮಾಡಸ್ಕೋತೀನಿ" ಅಂದೆ. ಅವ್ವ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು, ಪ್ರಶಸ್ತಿಪತ್ರದ ಹಾಗೆ.

ಆಮೇಲೆ ಶುರುವಾಯಿತು ನಿಜವಾದ ಚರ್ಚೆ: ಮನೆಯಲ್ಲೋ, ಸಲೂನಿನಲ್ಲೋ.

ಮನೆಯ ಪರ ಅವ್ವ. ನಮ್ಮ ಸುತ್ತಲಿನ ಕನ್ನಡದ ಹೆಂಗಸರ ಹುಬ್ಬುಗಳೆಲ್ಲ ಅವಳ ಕೈಯ ದಾರದಲ್ಲೇ ರೂಪುಗೊಂಡಿದ್ದವು. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಕಿರಿದು ಮಾಡಿ ಅವಳು ಹುಬ್ಬು ತೆಗೆಯುವಾಗ ಮಾತಾಡುವ ಧೈರ್ಯ ಯಾವ ಆಂಟಿಗೂ ಇರಲಿಲ್ಲ. ಕೂದಲ ಗುಂಗುರು ಬಿಡಿಸುವ ರಿಲ್ಯಾಕ್ಸರ್ ಕ್ರೀಮಿನ ಡಬ್ಬಿ ತಂದು ಹಚ್ಚುವುದು ಅವಳ ಲೆಕ್ಕದಲ್ಲಿ ದೊಡ್ಡ ಕೆಲಸವೇ ಅಲ್ಲ. ಸಲೂನಿನ ಪರ ಅತ್ತೆ, ಅಪ್ಪನ ಅಕ್ಕ. ಹ್ಯೂಸ್ಟನ್ನಿನ ಪೇರ್‌ಲ್ಯಾಂಡಿನಲ್ಲಿ ಮನೆ, ಮೆಡಿಕಲ್ ಸೆಂಟರಿನ ಒಂದು ಲ್ಯಾಬಿನಲ್ಲಿ ಕೆಲಸ. ಕೆಮಿಕಲ್ ಎಂಬ ಪದ ಬಂದರೆ ಕೊನೆಯ ಮಾತು ತನ್ನದೇ ಎಂದು ನಂಬಿದವಳು.

ಒಂದು ಶನಿವಾರ ಬೆಳಿಗ್ಗೆ ಫೋನನ್ನು ಸ್ಪೀಕರಿಗೆ ಹಾಕಿ ಇಬ್ಬರೂ ಶುರುಮಾಡಿದರು. ನಾನು ಅಭ್ಯಾಸಬಲದಿಂದ ಹಾಳೆಯ ಮೇಲೆ ಎರಡು ಕಾಲಂ ಎಳೆದು ಬರೆದುಕೊಳ್ಳತೊಡಗಿದೆ.

"ಅಕ್ಕಾರ, ಡಬ್ಬಿ ಮ್ಯಾಲೆ ಎಲ್ಲಾ ಬರದಿರ್ತಾರ್ರಿ. ಓದೂದು, ಹಚ್ಚೂದು, ಗಡಿಯಾರ ನೋಡೂದು, ತೊಳಿಯೂದು. ಉಪ್ಪಿಟ್ಟು ಮಾಡಿದಂಗ" ಅಂದಳು ಅವ್ವ.

"ಉಪ್ಪಿಟ್ಟು ತಳಾ ಹತ್ತಿದ್ರ ಪಾತೇಲಿ ತಿಕ್ಕಬಹುದವಾ. ಹುಡುಗಿ ತಲಿ ಹೆಂಗ ತಿಕ್ತಿ?"

"ನನ್ನ ಉಪ್ಪಿಟ್ಟು ಯಾವಾಗ ತಳಾ ಹತ್ತೇತ್ರಿ?"

"ದೀಪಾವಳಿಗೆ."

ಅತ್ತೆಯ ಕಾಲಂನಲ್ಲಿ ನಾನು ಒಂದು ಗೆರೆ ಹಾಕಿದೆ.

ಅತ್ತೆ ಗೆದ್ದಳು. ಲ್ಯಾಬಿನ ಸಹೋದ್ಯೋಗಿಯೊಬ್ಬಳು ಹೋಗುವ ಸಲೂನಿನಲ್ಲಿ, ಎರಡು ವಾರಗಳ ನಂತರದ ಶನಿವಾರಕ್ಕೆ ಅಪಾಯಿಂಟ್‌ಮೆಂಟ್ ಆಯಿತು. ಇಷ್ಟೆಲ್ಲ ಬರೆದುಕೊಂಡ ನಾನು ಹಾಳೆಯ ನೆತ್ತಿಯಲ್ಲಿ ಏನಿತ್ತೆಂದು ನೋಡಲೇ ಇಲ್ಲ. ನಮ್ಮ ತರಬೇತುದಾರರು ಮೊದಲ ದಿನವೇ ಹೇಳಿಕೊಟ್ಟಿದ್ದರು: ವಾದಕ್ಕಿಳಿಯುವ ಮುಂಚೆ ವಿಷಯವನ್ನೇ ಪರೀಕ್ಷಿಸಿ, ಅದನ್ನು ಬರೆದವರು ನಿಮ್ಮಿಂದ ಏನನ್ನು ಆಗಲೇ ಒಪ್ಪಿಸಿಕೊಂಡಿದ್ದಾರೆ ನೋಡಿ ಎಂದು. ನನ್ನ ಹಾಳೆಯ ನೆತ್ತಿಯಲ್ಲಿ "ಮನೆ / ಸಲೂನ್" ಎಂದಿತ್ತು. ಬರೆದವಳು ನಾನೇ.

ಹೊರಡುವ ಹಿಂದಿನ ಭಾನುವಾರ ಅವ್ವ ಎಂದಿನಂತೆ ಮದರಂಗಿ ಹಚ್ಚಿದಳು. ಅದು ನಮ್ಮ ಮನೆಯ ಪದ್ಧತಿ. ಎರಡು ವಾರಕ್ಕೊಮ್ಮೆ, ಶನಿವಾರ ಸಂಜೆಯೇ ಮದರಂಗಿ ಪುಡಿಯನ್ನು ಚಹಾದ ಡಿಕಾಕ್ಷನ್ನಿನಲ್ಲಿ ಕಲಸಿ, ಹುಬ್ಬಳ್ಳಿಯಿಂದ ಸೂಟ್‌ಕೇಸಿನಲ್ಲಿ ಬಂದ ಕಬ್ಬಿಣದ ಕಡಾಯಿಯಲ್ಲಿ ನೆನೆಹಾಕುವುದು. ಬೆಳಗಾಗುವಷ್ಟರಲ್ಲಿ ಅದು ಕಪ್ಪಗಾಗಿರಬೇಕು. ಕಪ್ಪಗಾದಷ್ಟೂ ಕೂದಲಿಗೆ ಬಲ ಹೆಚ್ಚು ಎಂದು ಅವ್ವನ ನಂಬಿಕೆ, ಅವಳ ಅವ್ವನ ನಂಬಿಕೆ. ಸ್ಟೀಲಿನ ಪಾತ್ರೆಯಲ್ಲಿ ನೆನೆಸುವವರನ್ನು ಅವಳು ಸೋಮಾರಿಗಳೆಂದೇ ತಿಳಿದಿದ್ದಳು.

"ಇವತ್ತ್ ಬ್ಯಾಡಬಿಡು, ಹೆಂಗೂ ಮುಂದಿನ ವಾರ ಮಾಡಸ್ತೀವಲ್ಲ" ಅಂದೆ.

"ಅದಕ್ಕ ಹಚ್ಚೂದು. ಆ ಕ್ರೀಮು ಗಟ್ಟಿ ಇರ್ತೈತಂತ. ಕೂದಲಾ ತಡಕೋಬೇಕಲ್ಲ?"

ಈ ಬಾರಿ ಎರಡು ಸಲ ಹಚ್ಚಿದಳು. ಯುದ್ಧಕ್ಕೆ ಹೋಗುವವರಿಗೆ ಕವಚ ತೊಡಿಸಿದ ಹಾಗೆ.

ಶನಿವಾರ ಬೆಳಿಗ್ಗೆ ಅವ್ವನೇ ಡ್ರೈವ್ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಹ್ಯೂಸ್ಟನ್ನಿನ ಸಲೂನಿನ ಎತ್ತರದ ಕುರ್ಚಿಯಲ್ಲಿ ನಾನು ಕೂತಿದ್ದೆ. ಬೆನ್ನ ಹಿಂದಿನ ಬೆಂಚಿನ ಮೇಲೆ ಅವ್ವ, ಅತ್ತೆ. ಸಲೂನಿನ ಒಡತಿ ಅತ್ತೆಯ ವಯಸ್ಸಿನ ಕಪ್ಪು ಅಮೆರಿಕನ್ ಹೆಂಗಸು. ಮಾತು ಕಮ್ಮಿ, ಕೈ ಚುರುಕು. ನನ್ನ ಕೂದಲಿಗೆ ಕೈ ಹಾಕಿದಾಗ ಆಕೆಯ ಬೆರಳು ಸಿಕ್ಕಿಕೊಳ್ಳಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ.

ಒಂದು ಕಾಗದ ಹಿಡಿದು ಆಕೆ ಪ್ರಶ್ನೆ ಕೇಳಿದರು. ಬಣ್ಣ ಹಚ್ಚಿದ್ದೀರಾ? ಬ್ಲೀಚ್? ಹಿಂದೆ ಯಾವಾಗಲಾದರೂ ರಿಲ್ಯಾಕ್ಸರ್? ನಾನು ಬಾಯಿ ತೆರೆಯುವ ಮುಂಚೆ ಅವ್ವ ಹಿಂದಿನಿಂದ "ನೋ ಕೆಮಿಕಲ್, ಓನ್ಲಿ ನ್ಯಾಚುರಲ್" ಅಂದಳು. ಅತ್ತೆ ಲ್ಯಾಬಿನ ಗಾಂಭೀರ್ಯದಿಂದ ತಲೆಯಾಡಿಸಿದಳು.

ಒಡತಿ ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡುತ್ತ ಕೇಳಿದರು. ಹೆನ್ನಾ?

ಅದೇ ಕನ್ನಡಿಯಲ್ಲಿ ಅವ್ವನ ತಲೆ ಒಂದಿಷ್ಟು ಅಡ್ಡಡ್ಡ ಆಡಿತು. ಅವಳು ಸುಳ್ಳು ಹೇಳುತ್ತಿರಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಅವಳಿಗೆ ಮದರಂಗಿ ಎಂದರೆ ಕೊಬ್ಬರಿ ಎಣ್ಣೆಯ ಹಾಗೆ, ಸೀಗೆಕಾಯಿಯ ಹಾಗೆ. ಕೇಳುವ ಸಂಗತಿಯೇ ಅಲ್ಲ. ನನಗಾದರೆ ಆಕೆ ಕೇಳಿದ ರೀತಿಯಲ್ಲೇ ಗೊತ್ತಾಗಿತ್ತು, ಹೌದು ಎಂದರೆ ಈ ಕುರ್ಚಿಯಿಂದ ಇಳಿಸುತ್ತಾರೆ. ಆಸ್ಟಿನ್ನಿಗೆ ಎರಡೇ ವಾರ ಉಳಿದಿತ್ತು. ಇಲ್ಲ ಎಂದರೆ ಗಂಟೆಯೊಳಗೆ ಫ್ರಿಜ್ಜಿನ ಮೇಲಿನ ಆ ಮೂರನೆಯ ಸಾಲು ಸುಳ್ಳಾಗುತ್ತದೆ. ಆದರೆ ನೇರ ಪ್ರಶ್ನೆಗೆ ನುಣುಚಿಕೊಳ್ಳುವ ಎದುರಾಳಿಗಳನ್ನು ಎರಡು ವರ್ಷ ಹಂಗಿಸಿಕೊಂಡು ಬಂದವಳು ನಾನು.

"ಹೌದು" ಅಂದೆ. "ಎರಡು ವಾರಕ್ಕೊಮ್ಮೆ, ಎಷ್ಟೋ ವರ್ಷಗಳಿಂದ. ಕಬ್ಬಿಣದ ಕಡಾಯಿಯಲ್ಲಿ ನೆನೆಸಿ. ಕಳೆದ ಭಾನುವಾರ ಎರಡು ಸಲ."

ಒಡತಿ ಬಾಚಣಿಗೆ ಕೆಳಗಿಟ್ಟರು. ನನ್ನ ಕತ್ತಿನ ಹಿಂಬದಿಯಿಂದ ಸಣ್ಣ ಎಳೆ ಕತ್ತರಿಸಿ, ಬಟ್ಟಲಲ್ಲಿ ಹಾಕಿ, ಮೇಲೆ ಕ್ರೀಮು ಹಚ್ಚಿ, ಗಡಿಯಾರ ನೋಡಿದರು. ನಾವು ಮೂವರೂ ನೋಡಿದೆವು. ತೊಳೆದು ಎರಡು ಬೆರಳಲ್ಲಿ ಹಿಡಿದು ಎಳೆದಾಗ ಎಳೆ ಹಸಿ ಶಾವಿಗೆಯ ಹಾಗೆ ಉದ್ದವಾಗಿ, ತುಂಡಾಯಿತು. ಇನ್ನೊಂದು ಕಡೆ ಹಿಡಿದರು. ಅಲ್ಲೂ ತುಂಡಾಯಿತು. ಆ ಚೂರುಗಳನ್ನು ನನ್ನ ಅಂಗೈಯಲ್ಲಿ ಇಟ್ಟು, ಮದರಂಗಿಯ ಕೂದಲೆಲ್ಲ ಬೆಳೆದು ಕತ್ತರಿಸಿ ಹೋಗುವವರೆಗೆ ತಾನಂತೂ ಇದನ್ನು ಮಾಡುವುದಿಲ್ಲ ಅಂದರು. ತುದಿ ಕತ್ತರಿಸಬೇಕಾದರೆ ಕೂತಿರು, ಇಲ್ಲದಿದ್ದರೆ ಮುಂದಿನವರು ಕಾಯುತ್ತಿದ್ದಾರೆ.

"ಒಂಚೂರು ತೆಳ್ಳಗ ಹಚ್ಚಾಕ ಬರಂಗಿಲ್ಲೇನು ಕೇಳು" ಅಂದಳು ಅವ್ವ.

ನಾನು ಕೇಳಲಿಲ್ಲ. ಕುರ್ಚಿಯಿಂದ ಇಳಿದೆ.

ಪಾರ್ಕಿಂಗಿನಲ್ಲಿ ಕಾರಿನ ಬಾಗಿಲು ಹಾಕಿದ್ದೇ ತಡ, ಅವ್ವ ಹೇಳಿದಳು: "ಇವ್ರಿಗೆ ಆಗಂಗಿಲ್ಲಂದ್ರ ಬಿಡು. ಹೋಗೂವಾಗ ಡಬ್ಬಿ ತಗೊಂಡು ಹೋಗೂಣು. ಮನ್ಯಾಗ ನಾ ಮಾಡ್ತೀನಿ."

ಟಿಶ್ಯೂ ಕಾಗದದಲ್ಲಿ ಸುತ್ತಿದ ಕೂದಲ ಚೂರುಗಳು ನನ್ನ ಮುಷ್ಟಿಯಲ್ಲಿದ್ದವು. ಬಿಚ್ಚಿ ಅವಳ ತೊಡೆಯ ಮೇಲಿಟ್ಟೆ.

"ಇದನ್ನ ನೋಡಿದ ಮ್ಯಾಲೂ?"

"ಅವ್ರ ಕ್ರೀಮು ಗಟ್ಟಿ ಇದ್ದೀತು."

"ಅವ್ವಾ, ಮದರಂಗಿ ನೀನೂ ಹಚ್ಕೋತಿ. ಆ ಕ್ರೀಮು ಮೊದ್ಲ ನಿನ್ನ ತಲಿಗೆ ಹಚ್ಕೊಂಡು ನೋಡ್ತಿಯೇನು?"

"ನನಗ್ಯಾಕ? ನಂದು ನೆಟ್ಟಗ ಐತಿ."

"ಮತ್ತ ನನಗ್ಯಾಕ?"

ಅವ್ವ ಚೂರುಗಳನ್ನು ಮತ್ತೆ ಟಿಶ್ಯೂ ಕಾಗದದಲ್ಲಿ ಸುತ್ತತೊಡಗಿದಳು. ಹಿಂದಿನ ಸೀಟಿನಿಂದ ಅತ್ತೆ, "ಉತ್ತರಾ ಕೊಡವಾ ಈಗ" ಅಂದಳು.

"ನೀವು ಸುಮ್ನಿರ್ರಿ ಅಕ್ಕಾರ. ನ್ಯಾಚುರಲ್ ಅಂದಾಗ ನೀವೂ ಗೋಣು ಹಾಕಿದ್ರಿ."

"ಆ ಕಡಾಯಿ ಸುದ್ದಿ ನನಗೇನ್ ಗೊತ್ತು? ನಾ ಸ್ಟೀಲಿನ್ಯಾಗ ನೆನಸ್ತೀನಿ."

"ಅದಕ್ಕ ನಿಮ್ಮ ಕೂದಲಾ ಉದರಾಕತ್ತಾವು."

ಇಬ್ಬರ ನಡುವೆ ಸಿಕ್ಕ ಆ ಬಿಡುವಿನಲ್ಲಿ ನನಗೆ ಹಾಳೆಯ ನೆತ್ತಿ ಕಂಡಿತು. ಮನೆ ಎಂದು ಒಬ್ಬಳು, ಸಲೂನ್ ಎಂದು ಇನ್ನೊಬ್ಬಳು, ಮಾಡಿಸಿಕೊಳ್ಳಬೇಕೇ ಎಂದು ಯಾರೂ ಇಲ್ಲ. ನಾನು ಕೂಡ ಮೂರು ವಾರ ಮೊದಲೇ ಸೋತು, ಆಮೇಲೆ ಅಂಕ ಬರೆದುಕೊಳ್ಳುತ್ತ ಕೂತಿದ್ದೆ.

"ಮನ್ಯಾಗೂ ಇಲ್ಲ, ಸಲೂನಿನ್ಯಾಗೂ ಇಲ್ಲ. ಆಸ್ಟಿನ್ನಿಗೆ ಇದ ತಲಿ ತಗೊಂಡು ಹೋಗ್ತೀನಿ" ಅಂದೆ. "ಹೆಣಿಯಂಗೂ ಇಲ್ಲ."

"ಸೋತ್ರ?"

"ಸೋತ್ರ ಸೋಲ್ತೀನಿ."

"ನಿನ್ನ ಡಿಬೇಟಿಗೆ ಸೇರಸಿದ್ದು ನಿಮ್ಮಪ್ಪನ ತಪ್ಪು" ಎಂದು ಅವ್ವ ಕಾರು ತೆಗೆದಳು. ನೇರ ಹೋದದ್ದು ಅತ್ತೆಯ ಮನೆ ಹತ್ತಿರದ ಗುಡಿಗೆ. ಗುಡಿಯಲ್ಲಿ ಅವಳು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ಏನು ಬೇಡಿಕೊಂಡಳೋ ಕೇಳಲಿಲ್ಲ. ದೇವರ ಜೊತೆ ವಾದಿಸುವಾಗ ಅವಳಿಗೆ ಎದುರಾಳಿ ಬೇಕಾಗುವುದಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಈ ಕಥೆ ಹೇಳಿದಾಗಲೆಲ್ಲ ಯಾರಾದರೂ ನನ್ನನ್ನು ಗುಂಗುರು ಕೂದಲಿನ ವಕೀಲೆಯನ್ನಾಗಿ ಮಾಡುತ್ತಾರೆ. ಎಷ್ಟು ಧೈರ್ಯ, ಎಷ್ಟು ಸಹಜ ಸೌಂದರ್ಯ ಎನ್ನುತ್ತಾರೆ. ಸಹಜ ಎಂಬ ಪದದ ಮೇಲೆ ನನಗೆ ಆ ಸಲೂನಿನಲ್ಲೇ ನಂಬಿಕೆ ಹೋಯಿತು. ಸಹಜವಾದ ಮದರಂಗಿಯೂ ಕಬ್ಬಿಣವೂ ಸೇರಿ ನನ್ನ ಕೂದಲನ್ನು ಏನು ಮಾಡಿದ್ದವು ಎಂದು ಅಂಗೈಯಲ್ಲಿ ನೋಡಿದ್ದೇನೆ. ಬೇಕಾದವರು ರಿಲ್ಯಾಕ್ಸರ್ ಹಚ್ಚಿಸಿಕೊಳ್ಳಲಿ. ಕಾಲೇಜಿನಲ್ಲಿ ನನ್ನ ರೂಮ್‌ಮೇಟ್ ಹಚ್ಚಿಸಿಕೊಳ್ಳುತ್ತಿದ್ದಳು, ಚೆನ್ನಾಗಿಯೇ ಕಾಣುತ್ತಿದ್ದಳು. ನನ್ನ ತಕರಾರು ಕ್ರೀಮಿನ ಮೇಲಲ್ಲ. ಬೇರೆಯವರ ಗಮನ ಕೆಟ್ಟರೆ ಅದಕ್ಕೆ ಔಷಧ ನನ್ನ ತಲೆಗೆ ಯಾಕೆ ಎಂಬುದಷ್ಟೇ.

ಆಸ್ಟಿನ್ನಿನಲ್ಲಿ ಕೂದಲು ಬಿಟ್ಟುಕೊಂಡೇ ನಿಂತೆ. ಹಟವೇ? ಹೌದು. ಬೆಳಿಗ್ಗೆ ಹೋಟೆಲಿನಲ್ಲಿ ಅವ್ವ ಬಾಚಣಿಗೆ ಹಿಡಿದು ಬಂದಳು, ನನ್ನ ಮುಖ ನೋಡಿ, ತನ್ನ ಕೂದಲನ್ನೇ ಬಾಚಿಕೊಂಡು ಹೋದಳು. ಎರಡು ಸುತ್ತು ಗೆದ್ದೆ. ಮೂರನೆಯದರಲ್ಲಿ ಸೋತೆ, ಮನೆಗೆ ಹೊರಟೆವು.

ಕಾರಿನಲ್ಲಿ ಕೂತು ಅವ್ವ ಸೋತ ಸುತ್ತಿನ ಚೀಟಿಯನ್ನು ಕನ್ನಡಕ ಏರಿಸಿಕೊಂಡು ಓದಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಕೂದಲದ್ದು ಏನೂ ಬರದಿಲ್ಲಲ್ಲ" ಅಂದಳು. ದನಿಯಲ್ಲಿ ಸ್ವಲ್ಪ ನಿರಾಸೆಯೇ ಇತ್ತು.

ನಿಜ, ಬರೆದಿರಲಿಲ್ಲ. ಇದ್ದದ್ದು ಒಂದೇ ಸಾಲು: ಎದುರಾಳಿಯ ಎರಡನೆಯ ವಾದಕ್ಕೆ ಉತ್ತರ ತಡವಾಗಿ ಬಂತು. ಇದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೆ ಗೊತ್ತು. ಒಂದು ಚೀಟಿ ಪುರಾವೆಯಲ್ಲ. ಆಸ್ಟಿನ್ನಿನ ಎಲ್ಲ ತೀರ್ಪುಗಾರರೂ ಕೂದಲಿನ ಬಗ್ಗೆಯೇ ಬರೆದಿದ್ದರೂ ಡಾಲಸ್ಸಿನ ಆ ಮೂರನೆಯ ಸಾಲು ತಪ್ಪೇ ಆಗಿರುತ್ತಿತ್ತು. ಆದರೂ ಆ ಸೋಲು ನನಗೆ ಇಷ್ಟವಾಯಿತು. ನಾನು ಹೇಳಿದ ಮಾತಿಗೆ ಸೋತಿದ್ದೆ, ಪೂರ್ತಿಯಾಗಿ, ನ್ಯಾಯವಾಗಿ. ಆ ಚೀಟಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ. ಫ್ರಿಜ್ಜಿನ ಮೇಲಿದ್ದುದನ್ನು ಮನೆಗೆ ಹೋದ ಕೂಡಲೇ ಕಿತ್ತು ಹಾಕಿದೆ.

"ಏನಿತ್ತದು ಎರಡನೇ ವಾದ?" ಅವ್ವ ಕಾರು ಹೈವೇಗೆ ಹತ್ತಿಸುತ್ತ ಕೇಳಿದಳು.

ಹೇಳಿದೆ.

"ಅವ್ರು ಹೇಳಿದ್ದು ಖರೇನ ಐತಲ್ಲ" ಅಂದಳು. "ನಾ ಆಗಿದ್ರೂ ಅದನ್ನ ಹೇಳ್ತಿದ್ದೆ."

ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. ಅರ್ಧ ದಾರಿಯ ವೇಕೊ ಊರು ದಾಟುವವರೆಗೂ ಬಿಡಲಿಲ್ಲ ಅವಳು. ನಾನೂ ಬಿಡಲಿಲ್ಲ. ಈ ಸಲ ಉತ್ತರ ತಡವಾಗಲಿಲ್ಲ.